ಅಕ್ಕ ತೋರಿಸಿದ ಒಡ್ಡು

ಸರಹದ್ದು

ನಾನು ಭಾಲ್ಕಿಗೆ ಹೊರಟಾಗ ಧಾರವಾಡದ ನಮ್ಮ ಸಾಲೆಯ ಮಾಸ್ತರರೆಲ್ಲ ಸೇರಿ, ವಿಲಾಯತಿಗೆ ಹೊರಟವನನ್ನು ಕಳಿಸುವಂತೆ ನನ್ನನ್ನು ಕಳಿಸಿಕೊಟ್ಟರು. ಅದು ತಪ್ಪೂ ಆಗಿರಲಿಲ್ಲ. ನಮ್ಮದು ಇಂಗ್ಲಿಷರ ಮುಂಬಯಿ ಇಲಾಖೆ, ಭಾಲ್ಕಿ ನಿಜಾಮ ಸರಕಾರದ ಸೀಮೆ. ಅಲ್ಲಿ ನಾಣ್ಯ ಬೇರೆ, ಅಂಚೆಯ ತಿಕೀಟು ಬೇರೆ, ಕಚೇರಿಯ ಭಾಷೆ ಬೇರೆ, ತಿಂಗಳುಗಳ ಹೆಸರು ಕೂಡ ಬೇರೆ. ಹಡಗು ಹತ್ತದಿದ್ದರೂ ಅದು ಪರದೇಶವೇ.

ಆ ಪರದೇಶಕ್ಕೆ ನನ್ನ ಅಕ್ಕ ನೀಲಮ್ಮನನ್ನು ಕೊಟ್ಟು ಇಪ್ಪತ್ತೆರಡು ವರ್ಷಗಳಾಗಿದ್ದವು. ಅವಳು ನಾಲ್ಕೈದು ಸಲ ತವರಿಗೆ ಬಂದು ಹೋಗಿದ್ದಳು. ನಾನು ಮಾತ್ರ ಎತ್ತಿನ ಗಾಡಿಯ ಹಾದಿಗೆ ಅಂಜಿ ಒಮ್ಮೆಯೂ ಅತ್ತ ತಲೆ ಹಾಕಿರಲಿಲ್ಲ. ಈಗ ಭಾಲ್ಕಿಗೆ ರೈಲು ಬಂದಿತ್ತು. ಅಕ್ಕ ಯಾರ ಕೈಯಿಂದಲೋ ಕಾಗದ ಬರೆಸಿದ್ದಳು: "ಎಳ್ಳ ಅಮಾಸಿಗಿ ಬಾ. ನಮ್ಮ ಹೊಲದ ಹಿಂದಿನ ಗುಡ್ಡದ ಆಚಿಗಿ ಬಾದಶಹರ ಕಾಲದ ಒಂದು ಒಡ್ಡು ಅದ. ನಿನಗ ಹಳೇ ಕಲ್ಲು ಅಂದ್ರ ಜೀವ. ಕರಕೊಂಡು ಹೋಗಿ ತೋರಸ್ತೇನಿ." ಶಾಸನದ ಕಲ್ಲುಗಳ ಹಿಂದೆ ನಾನು ತಿರುಗುವುದನ್ನು ಕಂಡು ಮನೆಯಲ್ಲಿ ಎಲ್ಲರೂ ನಗೆಯಾಡುತ್ತಿದ್ದರು. ಅಕ್ಕನೊಬ್ಬಳು ಅದನ್ನು ನೆನಪಿಟ್ಟಿದ್ದಾಳಲ್ಲ ಎಂದು ನನ್ನ ಎದೆಯುಬ್ಬಿತು.

ರೈಲು ಬದಲಿಸುವ ನಿಲ್ದಾಣದಲ್ಲಿ ಸುಂಕದವನೊಬ್ಬ ನನ್ನ ಗಂಟು ಬಿಚ್ಚಿಸಿದ. ಧೋತರ, ನೋಟಬುಕ್ಕು, ಪೆನ್ಸಿಲ್ಲು ನೋಡಿದ ಮೇಲೆ ಪೇಡೆಯ ಡಬ್ಬಿಗೆ ಬಂದು ನಿಂತ. ಅದು ಏನೆಂದು ಉರ್ದುವಿನಲ್ಲಿ ಹೇಳಲು ನನಗೆ ಬರಲಿಲ್ಲ. "ತಿಂದು ನೋಡ್ರಿ" ಎಂದು ಕೈಸನ್ನೆ ಮಾಡಿದೆ. ಒಂದು ಬಾಯಿಗೆ ಹಾಕಿಕೊಂಡವನು ಕಣ್ಣು ಮುಚ್ಚಿದ, ತೆರೆದ, ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿದ. ಗಂಟನ್ನು ನಾನು ಕಟ್ಟಿದ್ದಕ್ಕಿಂತ ಚಂದವಾಗಿ ಕಟ್ಟಿಕೊಟ್ಟು ಸಲಾಮು ಮಾಡಿದ.

ಬೀದರ

ಬೀದರದಲ್ಲಿ ಇಳಿದ ಮೇಲೆ ಭಾಲ್ಕಿಯ ರೈಲಿಗೆ ಇನ್ನೂ ಅರ್ಧ ದಿನ ಇತ್ತು. ಕೋಟೆಯ ಹಾದಿ ಕೇಳಲು ಒಂದು ಉರ್ದು ವಾಕ್ಯವನ್ನು ರೈಲಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಕೆಂಪು ರೂಮಿ ಟೊಪ್ಪಿಗೆ ಹಾಕಿಕೊಂಡಿದ್ದ ಒಬ್ಬ ಮುದುಕರನ್ನು ಆರಿಸಿ, ಅವರೆದುರು ನಿಂತು ವಾಕ್ಯವನ್ನು ಪೂರ್ತಿ ಒಪ್ಪಿಸಿದೆ. ಅವರು ಕೊನೆಯವರೆಗೂ ಸಮಾಧಾನದಿಂದ ಕೇಳಿ, "ಪಾಪ, ಭಾಳ ದೂರದಿಂದ ಬಂದಂಗ ಕಾಣಸ್ತದ. ನಿಮಗ ಕನ್ನಡ ತಿಳಿತದೇನ್ರಿ?" ಎಂದರು.

ಇಲ್ಲಿಯವರ ಒಂದು ರೂಢಿ ನನಗೆ ಬಹಳ ಹಿಡಿಸಿತು. ಹಾದಿ ಕೇಳಿದರೆ ನಮ್ಮಲ್ಲಿ ಕೈಮಾಡಿ ತೋರಿಸುತ್ತಾರೆ. ಇಲ್ಲಿ ಜೊತೆಗೇ ಬರುತ್ತಾರೆ. ಆ ಮುದುಕರು ತಮ್ಮ ಕೆಲಸ ಬಿಟ್ಟು ಕೋಟೆಯ ಬಾಗಿಲತನಕ ನಡೆದು ಬಂದರು. ಹಾದಿಯಲ್ಲಿ ಒಂದು ಮನೆಯೆದುರು ನಿಲ್ಲಿಸಿ ನೀರು ಕುಡಿಸಿದರು. ಧಾರವಾಡದಲ್ಲಿ ಕೆಂಪು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಅದೇ ಕೆಂಪು ಕಲ್ಲಾಗಿದೆ. ಅದನ್ನೇ ಕಡಿದು ಮನೆ ಕಟ್ಟಿದ್ದಾರೆ, ಅದನ್ನೇ ಕೊರೆದು ಬಾವಿ ತೋಡಿದ್ದಾರೆ. "ಅರಸರು ಕೋಟಿ ಕಟ್ಟಿದ್ದು ದೊಡ್ಡ ಮಾತಲ್ರಿ," ಎಂದರು ಮುದುಕರು. "ಈ ಕಲ್ಲಿನ ಮ್ಯಾಲ ನೀರು ನಿಂದರಿಸಿದರಲ್ಲ, ಅದು ದೊಡ್ಡ ಮಾತು."

ಭಾಲ್ಕಿ

ಭಾಲ್ಕಿಯ ನಿಲ್ದಾಣಕ್ಕೆ ಭಾವ ವೀರಭದ್ರಪ್ಪನವರೇ ಬಂದಿದ್ದರು. ಅವರು ತೊಗರಿ, ಹೆಸರಿನ ವ್ಯಾಪಾರಿ. ದೊಡ್ಡ ಆಳು, ದೊಡ್ಡ ರುಮಾಲು, ದೊಡ್ಡ ದನಿ. ನನ್ನ ಗಂಟನ್ನು ಕಿತ್ತುಕೊಂಡು ಹೆಗಲಿಗೇರಿಸಿ, "ಇಪ್ಪತ್ತೆರಡು ವರ್ಷಕ್ಕ ಹಾದಿ ಸಿಕ್ತೇನ್ರಿ ಮಾಸ್ತರ?" ಎಂದರು. ಬಜಾರದ ತುಂಬ ಎಲ್ಲರಿಗೂ ಕೇಳುವಂತೆ ನನ್ನನ್ನು ಧಾರವಾಡದ ದೊಡ್ಡ ಪಂಡಿತನೆಂದು ಪರಿಚಯಿಸುತ್ತ ಮನೆಗೆ ಕರೆದೊಯ್ದರು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ತವರಿನಿಂದ ಹೋಗುವಾಗ "ಐತಿ" ಎನ್ನುತ್ತಿದ್ದವಳು ಈಗ "ಅದ" ಎನ್ನುತ್ತಿದ್ದಳು. ಮೂರು ಮಾತಿಗೊಮ್ಮೆ ನನಗೆ ತಿಳಿಯದ ಒಂದು ಉರ್ದು ಶಬ್ದ ನುಗ್ಗುತ್ತಿತ್ತು. ಆದರೆ ನಾನು ಉಣ್ಣುವಾಗ ಎದುರಿಗೆ ಕೂತು, ತುತ್ತು ಎಣಿಸುವವಳಂತೆ ನೋಡುವ ಚಾಳಿ ಹಾಗೇ ಉಳಿದಿತ್ತು.

ಮನೆಯಲ್ಲಿ ಏನೋ ಒಂದು ಕೊರತೆ ಇತ್ತು. ಅಕ್ಕನಿಗೆ ಒಬ್ಬಳೇ ಮಗಳು, ಶಾಂತಾ. ಎರಡು ವರ್ಷದ ಹಿಂದೆ ಔರಾದ ತಾಲೂಕಿನ ಒಂದು ಒಕ್ಕಲುತನದ ಮನೆಗೆ ಅವಳನ್ನು ಕೊಟ್ಟಿದ್ದರು. ನನಗೆ ಆಗ ಜ್ವರ ಬಂದು ಮದುವೆಗೆ ಬರಲಾಗಿರಲಿಲ್ಲ. "ಶಾಂತಾ ಹ್ಯಾಂಗಿದ್ದಾಳ?" ಎಂದು ನಾನು ಕೇಳಿದಾಗ ಅಕ್ಕ ಒಲೆಯ ಕಡೆ ತಿರುಗಿದಳು. ಭಾವ "ಆರಾಮ ಅದಾಳ್ರಿ" ಎಂದು ಹೇಳಿ, ಆ ವರ್ಷದ ತೊಗರಿಯ ಮಾತಿಗೆ ಹೊರಳಿದರು. ದೊಡ್ಡ ದನಿಯ ಮನುಷ್ಯ ಆ ಎರಡು ಶಬ್ದಗಳನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳಿದರು.

ಹೊಲ

ಎಳ್ಳ ಅಮಾಸಿಯ ದಿನ ಈ ಸೀಮೆಯಲ್ಲಿ ಊರೆಲ್ಲ ಖಾಲಿ. ಮನೆಗೆ ಬೀಗ ಹಾಕಿ, ಬುಟ್ಟಿ ಬುಟ್ಟಿ ಅಡಿಗೆ ಹೇರಿಕೊಂಡು ಎಲ್ಲರೂ ಹೊಲಕ್ಕೆ ನಡೆಯುತ್ತಾರೆ. ಭಾವನವರ ಹೊಲ ಔರಾದ ದಿಕ್ಕಿಗೆ, ಗುಡ್ಡದ ಬುಡದಲ್ಲಿ, ಊರಿಂದ ಬಹಳ ದೂರ. ಕತ್ತಲಿರುವಾಗಲೇ ಗಾಡಿ ಕಟ್ಟಿದೆವು. ಎದೆಮಟ್ಟ ಬೆಳೆದ ಜೋಳದ ನಡುವೆ ದಂಟಿನ ಸೂಡುಗಳಿಂದ ಒಂದು ಸಣ್ಣ ಕೊಂಪೆ ಹಾಕಿದ್ದರು. ಅಲ್ಲಿ ಪೂಜೆ ಮಾಡಿ, ಭೂಮಿತಾಯಿಗೆಂದು ಅನ್ನ, ಅಂಬಲಿಯ ಚರಗವನ್ನು ಬೆಳೆಯ ಮೇಲೆಲ್ಲ ಚೆಲ್ಲುತ್ತ ಭಾವ ಹೊಲ ಸುತ್ತಿದರು. ಅಷ್ಟು ದೊಡ್ಡ ಮನುಷ್ಯ ಜೋಳದ ದಂಟೊಂದೂ ಬಾಗದಂತೆ ಸಾಲುಗಳ ನಡುವೆ ನಡೆಯುವುದನ್ನು ನೋಡಿ ನನಗೆ ಅವರ ಮೇಲೆ ಪ್ರೀತಿ ಹೆಚ್ಚಿತು.

ಆಮೇಲೆ ಊಟ. ನಾನು ಸಜ್ಜೆಯ ಕಡಬು ಉಂಡೆ, ಶೇಂಗಾ ಹೋಳಿಗೆ ಉಂಡೆ, ಹಸಿ ಕಡಲೆ, ತೊಗರಿ, ಸೊಪ್ಪು ಎಲ್ಲ ಕೂಡಿಸಿ ಮಾಡಿದ ಭಜ್ಜಿ ಉಂಡೆ. ಸಾಕೆಂದರೆ ಬೇಡವೆಂದು ಅರ್ಥವಲ್ಲ ಎಂದು ಇಲ್ಲಿಯವರು ತಿಳಿಯುತ್ತಾರೆ. ಉಂಡ ಮೇಲೆ ಭಾವ ಬೇವಿನ ಗಿಡದ ನೆರಳಿಗೆ ಕಂಬಳಿ ಹಾಸಿ ಮಲಗಿದರು. ನಾನೂ ಒಂದು ಕಂಬಳಿ ಹುಡುಕುತ್ತಿದ್ದೆ. ಅಕ್ಕ ಬಂದು ನನ್ನ ಛತ್ರಿಯನ್ನು ಕೈಗೆ ಕೊಟ್ಟಳು.

"ಏಳು ತಮ್ಮಾ. ಒಡ್ಡು ನೋಡಬೇಕಲ್ಲ?"

"ಭಾವ ಏಳಲಿ, ಎಲ್ಲಾರೂ ಹೋಗೋಣಲ್ಲ."

"ಅವರಿಗಿ ಕಲ್ಲು ನೋಡೋ ಹವ್ಯಾಸ ಇಲ್ಲ. ನಡಿ, ಹೊತ್ತಾದ್ರ ಬಿಸಿಲು ಇಳಿತದ."

ಬಿಸಿಲು ಇಳಿದರೆ ಒಳ್ಳೆಯದಲ್ಲವೇ ಎಂದು ಕೇಳುವಷ್ಟರಲ್ಲಿ ಅವಳು ಬದು ದಾಟಿಯಾಗಿತ್ತು.

ಗುಡ್ಡ

ಗುಡ್ಡ ಎತ್ತರವೇನಲ್ಲ. ಆದರೆ ಹೊಟ್ಟೆಯಲ್ಲಿ ಎರಡು ಹೋಳಿಗೆ ಹೆಚ್ಚಾಗಿರುವವನಿಗೆ ಎಲ್ಲ ಗುಡ್ಡವೂ ಎತ್ತರವೇ. ತೂತು ತೂತಾದ ಕೆಂಪು ಕಲ್ಲು, ನಡುನಡುವೆ ಒಣಗಿದ ಹುಲ್ಲು, ಅಲ್ಲಲ್ಲಿ ಸೀತಾಫಲದ ಗಿಡ. ಅಕ್ಕ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಮುಂದೆ ಹೋಗುತ್ತಿದ್ದಳು. ನಾನು ನಿಂತು ಏದುಸಿರು ಬಿಡುತ್ತ, ಹಿಂದಿನ ಬಯಲನ್ನು ಹೊಗಳುವ ನೆಪದಲ್ಲಿ ಅವಳನ್ನು ನಿಲ್ಲಿಸಲು ನೋಡಿದೆ. ಅವಳು ನಿಲ್ಲಲಿಲ್ಲ. ಸಣ್ಣವಳಿದ್ದಾಗ ನನ್ನ ಕೈ ಹಿಡಿದು ಸಾಲೆಗೆ ಎಳೆದೊಯ್ಯುತ್ತಿದ್ದ ನಡಿಗೆ ಅದು.

ಅರ್ಧ ಗುಡ್ಡಕ್ಕೆ ಒಂದು ಕುರಿಹಿಂಡು ಎದುರಾಯಿತು. ಎರಡು ನಾಯಿಗಳು ಹಲ್ಲು ತೋರಿಸಿಕೊಂಡು ನನ್ನ ಕಡೆಗೇ ಬಂದವು. ನಾನು ಛತ್ರಿ ಬಿಚ್ಚಿ ಅದರ ಹಿಂದೆ ಅಡಗಿದೆ. ಬೀರಪ್ಪ ಎಂಬ ವಯಸ್ಸಾದ ಕುರುಬ ಬಾಯಲ್ಲಿ ಸಿಳ್ಳು ಹಾಕಿ ನಾಯಿಗಳನ್ನು ಕರೆದುಕೊಂಡ. ಅಕ್ಕನನ್ನು ನೋಡಿ, "ಕಡಿಗೂ ಬಂದ್ರೇನ್ರಿ ಯವ್ವಾ?" ಎಂದ. ಅಕ್ಕ "ಬಂದೆಪ್ಪಾ" ಎಂದಳು. "ಹೊಲಕ್ಕ ಹೋಗಿಲ್ರಿ, ಮನ್ಯಾಗೇ ಅದಾರ. ಮುಂಜಾನಿ ನೋಡೇನಿ" ಎಂದು ಅವನು ಹೇಳಿದ. ಅಕ್ಕ ತಲೆಯಾಡಿಸಿ ಮತ್ತೆ ಹತ್ತತೊಡಗಿದಳು.

"ಯಾರು ಮನ್ಯಾಗ ಅದಾರ?" ಎಂದು ಕೇಳಿದೆ.

"ಒಡ್ಡು ಬಂತು ನೋಡು," ಎಂದಳು ಅಕ್ಕ.

ಒಡ್ಡು

ಆ ಕ್ಷಣಕ್ಕೆ ನನ್ನ ಪ್ರಶ್ನೆ ನನಗೇ ಮರೆತು ಹೋಯಿತು. ಎರಡು ಗುಡ್ಡಗಳು ಒಂದನ್ನೊಂದು ಮುಟ್ಟಲು ಬಂದು ನಿಂತಂತಿದ್ದವು. ಅವುಗಳ ನಡುವೆ ಈ ತುದಿಯಿಂದ ಆ ತುದಿಗೆ ಕರಿಕಲ್ಲಿನ ಗೋಡೆ. ನೀರಿನ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ನೆತ್ತಿಯ ಮೇಲೆ ಒಂದು ಗಾಡಿ ಹೋಗುವಷ್ಟು ಅಗಲ. ಒಂದು ಕಡೆ ಗುಡ್ಡಗಳ ಸಂದಿಯೊಳಗೆ ಬಹುದೂರ ಚಾಚಿದ ನೀಲಿ ನೀರು. ಇನ್ನೊಂದು ಕಡೆ, ತೂಬಿನ ಬಾಯಿಂದ ಹರಿದ ನೀರಿಗೆ ಹಸಿರಾದ ಕಬ್ಬು, ಅರಿಷಿಣದ ತೋಟ, ಅದರಾಚೆ ನಲವತ್ತು ಐವತ್ತು ಮನೆಗಳ ಊರು. ಅದನ್ನು ಕೆಳಗಿನ ವಾಡಿ ಎನ್ನುತ್ತಾರೆ. ಕಟ್ಟಿಸಿದ ಸುಲ್ತಾನನ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಅವನ ನೀರನ್ನು ಮಾತ್ರ ಇಂದಿಗೂ ಬಿಡುತ್ತಿದ್ದಾರೆ.

ಗೋಡೆಯ ತಲೆಯ ಹತ್ತಿರ ಒಂದು ಫಾರಸಿ ಶಾಸನವಿತ್ತು. ಒಂದಕ್ಷರವೂ ಓದಲು ಬಾರದಿದ್ದರೂ ನಾನು ಕೂತು ನೋಟಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಎರಡು ಸಾಲು ಆಗಿರಬೇಕು. ಅಕ್ಕ ನನ್ನ ಪೆನ್ಸಿಲ್ಲು ಹಿಡಿದುಕೊಂಡಳು.

"ಆ ಕಲ್ಲು ಮುಂದಿನ ವರ್ಷನೂ ಹಿಂಗೇ ಇರ್ತದ ತಮ್ಮಾ. ಕೂಸು ಇರಲ್ಲ. ಅದು ದೊಡ್ಡದಾಗಿಬಿಡ್ತದ."

"ಯಾವ ಕೂಸು?"

"ಶಾಂತಾನ ಕೂಸು. ಹೆಣ್ಣು. ಎರಡೂವರಿ ತಿಂಗಳಾತು. ನಾ ಇನ್ನಾ ನೋಡಿಲ್ಲ." ಅವಳು ಕೆಳಗಿನ ಊರಿನ ಕಡೆ ಕೈ ಮಾಡಿದಳು. "ಅಕಿ ಅಲ್ಲೇ ಅದಾಳ."

ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದಳು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ರೂಢಿ. ಶ್ರಾವಣದಲ್ಲಿ ಕರೆಯಲು ಹೋಗಬೇಕಾದ ಭಾವ ತಾವು ಹೋಗದೆ ಆಳಿನ ಕೈಯಲ್ಲಿ ಗಾಡಿ ಕಳಿಸಿದರು. ಬೀಗರು ಖಾಲಿ ಗಾಡಿಯನ್ನೇ ಹಿಂದೆ ಕಳಿಸಿ, "ತಂದೆ ಖುದ್ದು ಬಂದು ಕರೆದರೆ ಕಳಿಸುತ್ತೇವೆ" ಎಂದು ಹೇಳಿಕಳಿಸಿದರು. ಖಾಲಿ ಗಾಡಿ ಬಾಗಿಲಿಗೆ ಬಂದು ನಿಂತದ್ದನ್ನು ನೋಡಿ ಭಾವನವರಿಗೆ ಸಿಟ್ಟು ಬಂತು: "ಆ ಹೊಸ್ತಿಲು ನಾ ತುಳಿಯಂಗಿಲ್ಲ." ಅಲ್ಲಿಗೆ ಹೋಗುವುದು ಬರುವುದು ನಿಂತಿತು. ಹೆರಿಗೆ ಅಲ್ಲೇ ಆಯಿತು. ಸುದ್ದಿ ತಂದವನು ಬೀರಪ್ಪ.

"ಒಬ್ಬಾಕಿ ಹೋದ್ರ ಓಡಿಬಂದಾಳ ಅಂತಾರ. ತಮ್ಮ ಜತಿಗಿದ್ರ ತವರಿನವರು ಬಂದಾರ ಅಂತಾರ," ಎಂದಳು ಅಕ್ಕ. "ಅದಕ್ಕೇ ನಿನ್ನ ಕರಸಿದೆ. ಕಲ್ಲಿನ ಆಸೆ ತೋರಿಸಿ ಕರಸಿದೆ, ಸಿಟ್ಟಾಗಬ್ಯಾಡ."

ಸಿಟ್ಟು ಬರಲಿಲ್ಲ, ಅಂಜಿಕೆ ಬಂತು. ನಾನು ಭಾವನ ಮನೆಯ ಅತಿಥಿ. ಅವರು ನಿದ್ದೆಯಲ್ಲಿರುವಾಗ ಅವರ ಮಾತು ಮುರಿಯುವುದು ಹೇಗೆ? ಆ ಬೀಗರು ಅಂಗಳದಿಂದಲೇ ಅಕ್ಕನನ್ನು ತಿರುಗಿಸಿ ಕಳಿಸಿದರೆ? ಅಕ್ಕ ನನ್ನ ಉತ್ತರಕ್ಕೆ ಕಾಯುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಾನು ನೋಟಬುಕ್ಕು ಮುಚ್ಚಿದೆ.

ಒಡ್ಡಿನ ನಡುವೆ ಹಿಂದೆಂದೋ ನೆತ್ತಿಯ ಒಂದು ಭಾಗ ಕುಸಿದು ಹೋಗಿತ್ತು. ಆರೇಳು ಮೊಳದ ಆ ಸಂದಿಗೆ ಎರಡು ಈಚಲ ಮರದ ಬೊಡ್ಡೆ ಅಡ್ಡ ಹಾಕಿದ್ದರು. ಕೆಳಗೆ ನೀರು ಬಿಳಿ ಬಿಳಿಯಾಗಿ ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು. ಅಕ್ಕ ಕಾಲಲ್ಲಿದ್ದ ಕಾಲ್ಮರಿ ಕಳಚಿ ಕೈಗೆ ತೆಗೆದುಕೊಂಡು ಅಂಗಳ ದಾಟಿದಂತೆ ದಾಟಿದಳು. ನಾನು ಛತ್ರಿಯನ್ನು ತೂಕಕ್ಕೆಂದು ಚಾಚಿಕೊಂಡು ಹೊರಟೆ. ಅರ್ಧಕ್ಕೆ ಹೋದಾಗ ಗಾಳಿ ಅದನ್ನು ಕಿತ್ತುಕೊಂಡಿತು. ಛತ್ರಿ ಬಾತುಕೋಳಿಯಂತೆ ತೇಲುತ್ತ ಕಬ್ಬಿನ ಕಾಲುವೆಯ ಕಡೆ ಹೋಯಿತು. ನಾನು ಅಕ್ಕನ ಕೈ ಹಿಡಿದು ಆಚೆ ದಂಡೆ ಮುಟ್ಟಿದೆ.

ಕೆಳಗಿನ ವಾಡಿ

ಗಂಡಸರು ಹೊಲಕ್ಕೆ ಹೋಗಿದ್ದರು; ಎಳೆಯ ಕೂಸಿಗಾಗಿ ಮನೆಯಲ್ಲೇ ಉಳಿದ ಬೀಗತಿ ಸಂಗಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ಕಡ್ಡಿಯಂಥ ಮೈ, ಹಣೆಯ ತುಂಬ ವಿಭೂತಿ. ನಮ್ಮನ್ನು ನೋಡಿಯೂ ಮೊರ ಕೆಳಗಿಡಲಿಲ್ಲ.

"ಇಬ್ಬರೇ ಬಂದೀರೇನ್ರಿ?"

"ಹೌದ್ರಿ. ಇಂವ ನನ್ನ ತಮ್ಮ, ಧಾರವಾಡದಾಂವ."

"ನಾ ಕೇಳಿದ್ದು ನಿಮ್ಮ ಮನಿಯವರ್ನ."

ಒಳಗೆ ನಮ್ಮ ದನಿ ಕೇಳಿ ಶಾಂತಾ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ತಾಯಿಯನ್ನು ನೋಡಿ ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಅತ್ತೆಯ ಮುಖ ನೋಡಿ ಅಲ್ಲೇ ನಿಂತಳು. ಅಂಗಳ ನಾಲ್ಕು ಮಾರು ಕೂಡ ಇರಲಿಲ್ಲ. ಯಾರೂ ದಾಟಲಿಲ್ಲ.

"ಗಾಡಿ ಕಳಿಸಿದ್ರಿ," ಎಂದರು ಸಂಗಮ್ಮ. ಕೇರುವುದು ನಿಂತಿತ್ತು. "ನನ್ನ ಸೊಸಿ ಏನು ಜೋಳದ ಚೀಲೇನ್ರಿ, ಆಳಿನ ಕೈಲಿ ಹೇರಸ್ಕೊಂಡು ಹೋಗ್ಲಿಕ್ಕ? ತುಂಬಿದ ಬಸುರಿ. ಒಂದು ಮಾತು ಕೇಳಲಿಕ್ಕ ಯಾರೂ ಬರಲಿಲ್ಲ. ಅಕಿ ಎಷ್ಟು ಅತ್ತಾಳ ನಿಮಗ ಗೊತ್ತದೇನ್ರಿ? ನಾ ಗಾಡಿ ಹೊಳ್ಳಿಸಿದ್ದು ನನ್ನ ಮರ್ಯಾದಿಗಲ್ಲ, ಅಕಿ ಮರ್ಯಾದಿಗಿ."

ಅಕ್ಕ ಹೀಗೊಂದು ಮಾತನ್ನು ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ. ಇಷ್ಟು ದಿನ ಎದುರಾಳಿಯೆಂದುಕೊಂಡಿದ್ದ ಹೆಂಗಸು ತನ್ನ ಮಗಳ ಪರವಾಗಿಯೇ ಸಿಟ್ಟಾಗಿದ್ದರು.

"ತಪ್ಪಾತ್ರಿ," ಎಂದಳು. "ಕರಕೊಂಡು ಹೋಗ್ಲಿಕ್ಕ ಬಂದಿಲ್ರಿ. ಒಂದು ಸಲ ನೋಡಿ ಹೋಗ್ತೇನಿ."

ಸಂಗಮ್ಮ ಎದ್ದರು. ಸೊಸೆಯ ಕೈಯಿಂದ ಕೂಸನ್ನು ತೆಗೆದುಕೊಂಡು ಬಂದರು. ಅಕ್ಕ ಎರಡೂ ಕೈ ಚಾಚಿದಳು.

"ಮೊದಲ ಕೂಡ್ರಿ. ಗುಡ್ಡ ಇಳಿದು ಬಂದೀರಿ, ದಣದೀರಿ."

ಅಕ್ಕ ನೆಲಕ್ಕೇ ಕೂತಳು. ಕೂಸು ಮಡಿಲಿಗೆ ಬಂತು. ಆಮೇಲೆ ಶಾಂತಾ ಅಂಗಳ ದಾಟಿ ಬಂದು ತಾಯಿಯ ಹೆಗಲಿಗೆ ಮುಖ ಇಟ್ಟಳು. ನಾನು ಬೇಲಿಯ ಮೇಲಿನ ಅವರೆಬಳ್ಳಿಯನ್ನು ಬಹಳ ಹೊತ್ತು ನೋಡಿದೆ. ಅಷ್ಟು ಲಕ್ಷ್ಯದಿಂದ ನಾನು ಯಾವ ಶಾಸನವನ್ನೂ ನೋಡಿಲ್ಲ.

ಮತ್ತೆ ಒಡ್ಡು

ಬಿಸಿಲು ಇಳಿಯತೊಡಗಿದಾಗ ಹೊರಟೆವು. ಸಂಗಮ್ಮ, ಕೂಸನ್ನೆತ್ತಿಕೊಂಡ ಶಾಂತಾ ಇಬ್ಬರೂ ಒಡ್ಡಿನವರೆಗೆ ಕಳಿಸಲು ಬಂದರು. ಸಂದಿಯ ಹತ್ತಿರ ಬಂದು ತಲೆ ಎತ್ತಿದರೆ ಆಚೆ ದಂಡೆಯಲ್ಲಿ ಭಾವ ನಿಂತಿದ್ದರು. ರುಮಾಲು ಕೈಯಲ್ಲಿತ್ತು. ಗುಡ್ಡ ಹತ್ತಿ ಮೈಯೆಲ್ಲ ಬೆವರು. ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಭಾವ ನೀರನ್ನು ನೋಡಿದರು, ನಮ್ಮನ್ನು ನೋಡಿದರು. "ಮಾಸ್ತರ," ಎಂದು ಕೂಗಿದರು. "ಒಡ್ಡು ನೋಡಿದ್ರೇನ್ರಿ?"

"ನೋಡಿದೆರಿ," ಎಂದೆ.

ಅವರು ರುಮಾಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಆಮೇಲೆ ಕೇಳಿದರು, "ಕೂಸು ಯಾರಂಗ ಅದ?"

ಸಂಗಮ್ಮ ಮುಂದೆ ಬಂದರು. "ಅಲ್ಲಿಂದ ಹ್ಯಾಂಗ ಕಾಣಸ್ತದ್ರಿ ಬೀಗರ? ದಾಟಿ ಬರ್ರಿ."

ಭಾವ ಒಂದು ಹೆಜ್ಜೆ ಮುಂದಿಟ್ಟು ಬೊಡ್ಡೆಯ ಮೇಲೆ ಕಾಲಿಟ್ಟರು. ತಕ್ಷಣ ಹಿಂದೆಗೆದರು. ಮತ್ತೆ ಇಟ್ಟರು, ಮತ್ತೆ ಹಿಂದೆಗೆದರು. ಸಂಗಮ್ಮನ ಮುಖ ಬಿಗಿಯಾಯಿತು. ಈಗಲೂ ಸೊಕ್ಕು ಎಂದುಕೊಂಡಿರಬೇಕು. ಭಾವ ರುಮಾಲನ್ನು ಎದೆಗೊತ್ತಿಕೊಂಡು, ಸಣ್ಣ ದನಿಯಲ್ಲಿ ಏನೋ ಹೇಳಿದರು. ನೀರಿನ ಸಪ್ಪಳದಲ್ಲಿ ಕೇಳಲಿಲ್ಲ.

"ಏನಂದ್ರಿ?" ಎಂದು ಅಕ್ಕ ಕೂಗಿದಳು.

"ನನಗ ಹರಿಯೋ ನೀರಂದ್ರ ಅಂಜಿಕಿ ಅದ ಅಂದೆ!" ಎಂದು ಅವರು ತಮ್ಮ ದೊಡ್ಡ ದನಿಯಲ್ಲೇ ಕೂಗಿದರು. ಎರಡೂ ಗುಡ್ಡಗಳು ಅದನ್ನು ಒಂದೊಂದು ಸಲ ತಿರುಗಿ ಹೇಳಿದವು. "ಶ್ರಾವಣದಾಗ ಹೊಲಕ್ಕಂತ ಹೇಳಿ ಗಾಡಿ ಜೋಡಿ ನಾನೂ ಬಂದಿದ್ದೆ. ಕೆಳಗಿನ ಹಳ್ಳದ ತನಕ ಬಂದಿದ್ದೆ. ತುಂಬಿ ಹರೀಲತ್ತಿತ್ತು. ಆಳು ಎತ್ತು ಇಳಿಸಿದ. ನನ್ನ ಕಾಲು ಬರಲಿಲ್ಲ. ಸಣ್ಣಾಂವಿದ್ದಾಗ ನಮ್ಮಣ್ಣ ನನ್ನ ಕಣ್ಣೆದುರಿಗೇ ಹೊಳ್ಯಾಗ ಕೊಚ್ಚಿ ಹೋಗ್ಯಾನ್ರಿ. ಹ್ಯಾಂಗ ಹೇಳ್ಲಿ? ಹಳ್ಳ ಕಂಡು ಹೊಳ್ಳಿ ಬಂದೆ ಅಂತ ಬೀಗರಿಗಿ ಹೇಳಿಕಳಸ್ಲಿಕ್ಕಾಗ್ತದೇನ್ರಿ? ಸಿಟ್ಟು ಬಂದದ ಅನ್ನೋದು ಹಗುರಿತ್ತು, ಅದನ್ನೇ ಅಂದೆ."

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಅಕ್ಕನಿಗೆ ಅದು ಗೊತ್ತಿರಲಿಲ್ಲ. ಅವಳ ಕೈ ನನ್ನ ತೋಳಿನಿಂದ ಜಾರಿತು. ಕಾಲ್ಮರಿ ಅಲ್ಲೇ ಬಿಟ್ಟು, ಬೊಡ್ಡೆಯ ಮೇಲೆ ನಡೆದು ಗಂಡನ ಹತ್ತಿರ ಹೋದಳು.

"ಕೂತು ಬರ್ರಿ," ಎಂದಳು. "ನೀರು ನೋಡಬ್ಯಾಡ್ರಿ. ನನ್ನ ನೋಡ್ರಿ."

ಭಾವ ಕುದುರೆ ಹತ್ತಿದವರಂತೆ ಬೊಡ್ಡೆಗಳ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕೂತರು. ಅಕ್ಕ ಅವರೆದುರಿಗೆ ಕೂತು, ಹಿಂದೆ ಹಿಂದೆ ಸರಿಯುತ್ತ ಬಂದಳು. ಅವರು ಅವಳ ಮುಖದಿಂದ ಕಣ್ಣು ಕೀಳದೆ ಮುಂದೆ ಮುಂದೆ ಸರಿದರು. ಸರಿಯಾಗಿ ನಡುವೆ ಬಂದಾಗ ಸರಿಯುವುದನ್ನು ನಿಲ್ಲಿಸಿಬಿಟ್ಟರು. ಮುಖ ಬಿಳಿಚಿತ್ತು. ನಾನು ಹೋಗಿ ಹಿಡಿಯಲೇ ಎಂದುಕೊಳ್ಳುವಷ್ಟರಲ್ಲಿ ಅವರು ಕೂತಲ್ಲೇ ಹೇಗೋ ರುಮಾಲನ್ನು ತಲೆಗಿಟ್ಟುಕೊಂಡು, ಎರಡೂ ಕೈ ಜೋಡಿಸಿದರು.

"ಬೀಗತೇರ, ನಾ ಖುದ್ದು ಬಂದೇನ್ರಿ. ನಮ್ಮ ಮಗಳನ್ನ ಕಳಿಸಿಕೊಡ್ರಿ."

"ಕೈ ಬಿಡಬ್ಯಾಡ್ರಿ!" ಎಂದು ಸಂಗಮ್ಮ ಚೀರಿದರು. "ಕಳಸ್ತೇನ್ರಿ, ಕಳಸ್ತೇನಿ! ಮೊದಲ ಬೊಡ್ಡಿ ಹಿಡೀರಿ!"

ಈಚೆ ದಂಡೆಗೆ ಬಂದ ಮೇಲೆ ಭಾವ ಅಲ್ಲೇ ಕಲ್ಲಿನ ಮೇಲೆ ಕೂತರು. ಕೂತಲ್ಲೇ ಶಾಂತಾ ಕೂಸನ್ನು ಅವರ ಮಡಿಲಿಗೆ ಹಾಕಿದಳು. ಅವರು ಬಹಳ ಹೊತ್ತು ನೋಡಿ, "ನಮ್ಮಣ್ಣನ ಹಣಿ ಅದ," ಎಂದರು.

ಹಳ್ಳ

ಅವತ್ತು ಸಂಗಮ್ಮ ನಮ್ಮನ್ನು ಬಿಡಲಿಲ್ಲ. ನಮ್ಮ ಗಾಡಿಯೊಂದಿಗೆ ಹೊಲದಲ್ಲಿದ್ದ ಆಳಿಗೆ ಬೀರಪ್ಪ ಸುದ್ದಿ ಮುಟ್ಟಿಸಿದ. ಮರುದಿನ ಬಿಸಿಲೇರಿದ ಮೇಲೆ ಸಂಗಮ್ಮ ತಮ್ಮದೇ ಗಾಡಿಯಲ್ಲಿ, ಗಾದಿ ಹಾಸಿ, ಬುತ್ತಿ ಕಟ್ಟಿ, ಸೊಸೆಯ ಮುಡಿಗೆ ಹೂ ಮುಡಿಸಿ ಕಳಿಸಿದರು. ಗಾಡಿಯ ಹಾದಿ ಗುಡ್ಡ ಬಳಸಿ ಹಳ್ಳ ದಾಟಿ ಹೋಗುತ್ತದೆ. ಒಡ್ಡಿನ ಮೇಲಿನಿಂದ ನಡೆದು ಬರುವಿರಾ ಎಂದು ಅಕ್ಕ ಗಂಡನನ್ನು ಕೇಳಿದಳು. ಅವರು ಒಡ್ಡಿನ ಕಡೆ ನೋಡಿ, ಹಳ್ಳದ ದಿಕ್ಕಿಗೆ ನೋಡಿ, "ಗಾಡ್ಯಾಗೇ ಬರ್ತೇನಿ. ಕೂಸು ಇಲ್ಲಿ ಕೊಡ್ರಿ" ಎಂದರು.

ಹಳ್ಳದಲ್ಲಿ ಆಗ ಮೊಳಕಾಲುದ್ದ ನೀರು. ಎತ್ತುಗಳು ಇಳಿದಾಗ ಭಾವ ಕಣ್ಣು ಮುಚ್ಚಿಕೊಂಡರು. ಕೂಸನ್ನು ಎರಡೂ ಕೈಯಿಂದ ಬಳಸಿಕೊಂಡು, ಗಾಲಿಗೆ ನೀರು ಬಡಿದಾಗಲೊಮ್ಮೆ ಅದರ ಬೆನ್ನು ತಟ್ಟುತ್ತಿದ್ದರು. ಗಾಡಿ ದಂಡೆ ಹತ್ತಿತು, ಕುಲುಕಿತು, ಜಾಲಿಯ ಗಿಡಗಳನ್ನು ದಾಟಿ ಕರಿಹೊಲದ ಸಮನಾದ ಹಾದಿಗೆ ಬಿತ್ತು. ಅವರು ಇನ್ನೂ ಬೆನ್ನು ತಟ್ಟುತ್ತಲೇ ಇದ್ದರು.

"ದಾಟಿತೇನವ್ವಾ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಯಾವಾಗೋ ದಾಟೇವಪ್ಪಾ," ಎಂದಳು ಶಾಂತಾ.